ಘಟ್ಟದ ಮೇಲೆ, ಘಟ್ಟದ ಕೆಳಗೆ

ಸಕಲೇಶಪುರದ ಮಂಜರಾಬಾದ್ ಕೋಟೆ ಹತ್ತಿದವರೆಲ್ಲ ಪಡುವಣಕ್ಕೇ ಮುಖ ಮಾಡಿ ನಿಲ್ಲುತ್ತಾರೆ. ಮಂಜು ಸರಿದ ದಿನ ಅಲ್ಲಿಂದ ಅರಬ್ಬೀ ಸಮುದ್ರ ಕಾಣುತ್ತದೆ ಎಂದು ಯಾರೋ ಹೇಳಿ ಕಳಿಸಿರುತ್ತಾರೆ. ಅದನ್ನು ಹುಡುಕುತ್ತ, ಕಣ್ಣು ಕಿರಿದು ಮಾಡಿಕೊಂಡು, ಗಾಳಿಗೆ ಶಾಲು ಬಿಗಿಹಿಡಿದು ನಿಂತಿರುತ್ತಾರೆ. ಟಿಪ್ಪು 1792ರಲ್ಲಿ ಈ ಎಂಟು ಮೂಲೆಯ ನಕ್ಷತ್ರದ ಕೋಟೆ ಕಟ್ಟಿಸಿದ್ದೂ ಆ ಘಟ್ಟದ ದಾರಿಯ ಮೇಲೆ ಕಣ್ಣಿಡುವುದಕ್ಕೇ. ನನಗೆ ಮಾತ್ರ ಅಲ್ಲಿ ನಿಂತಾಗ ಹಿಂದಕ್ಕೂ ತಿರುಗಿ ನೋಡಬೇಕು ಅನ್ನಿಸುತ್ತದೆ. ಮುಂದೆ ಶಿರಾಡಿ ಇಳಿದರೆ ಪುತ್ತೂರಿನ ಸೀಮೆ. ಹಿಂದೆ ಹಾಸನ ದಾಟಿ ಹೋದರೆ ಬೆಂಗಳೂರು. 1930ರಲ್ಲಿ ಇವೆರಡೂ ಬೇರೆ ಬೇರೆ ಆಡಳಿತದಲ್ಲಿದ್ದವು. ಮೇಲಿನದು ಮೈಸೂರು ಮಹಾರಾಜರದು, ಕೆಳಗಿನದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. ನಡುವೆ ನಮ್ಮ ಬೆಟ್ಟಗಳು.

ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಈ ಬೆಟ್ಟಗಳ ಎರಡೂ ಮಗ್ಗುಲಲ್ಲಿ ಕನ್ನಡಿಗರು ಮೂಕಿ ಚಿತ್ರದ ಕೆಲಸಕ್ಕೆ ಇಳಿದರು. ಕೆಳಗೆ ಶಿವರಾಮ ಕಾರಂತರು 1930ರಲ್ಲಿ ‘ಡೊಮಿಂಗೊ’, ಮರುವರ್ಷ ‘ಭೂತರಾಜ್ಯ’ ತೆಗೆದರು. ಮೇಲೆ ಟಿ.ಪಿ. ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯ ಇವರೆಲ್ಲ ನಟಿಸಿದ ‘ವಸಂತಸೇನಾ’ ಬಂತು; ಗುಬ್ಬಿ ವೀರಣ್ಣನವರು ಕಂಪನಿ ಕಟ್ಟಿ ಚಿತ್ರ ತೆಗೆದರು. ಇಷ್ಟೆಲ್ಲ ಆಗಿ ನೂರು ವರ್ಷವೂ ತುಂಬಿಲ್ಲ. ಆದರೂ ಇವುಗಳಲ್ಲಿ ಒಂದನ್ನೂ ಇವತ್ತು ಪರದೆಯ ಮೇಲೆ ನೋಡುವ ಹಾಗಿಲ್ಲ. ಒಂಬೈನೂರು ವರ್ಷದ ಹಿಂದೆ ಬೇಲೂರಿನಲ್ಲಿ ಕೆತ್ತಿದ ಮದನಿಕೆಯ ಕಾಲ್ಗೆಜ್ಜೆ ಎಣಿಸಬಹುದು. ನಮ್ಮ ಅಜ್ಜಂದಿರ ಕಾಲದಲ್ಲಿ ಕ್ಯಾಮೆರಾ ಮುಂದೆ ನಡೆದಾಡಿದ ಕೈಲಾಸಂ ಕಾಣಸಿಗುವುದಿಲ್ಲ. ಈ ಸಂಕಟವನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅಂತಲೇ ಈ ಹರಟೆಗೆ ಕೂತದ್ದು. ಹೊರಗೆ ಮಳೆ ಹಿಡಿದಿದೆ, ತೋಟಕ್ಕೆ ಹೋಗುವ ಹಾಗಿಲ್ಲ. ಒಂದು ಲೋಟ ಕಾಫಿ ತಗೊಂಡು ಕೂತುಕೊಳ್ಳಿ.

ಮೊದಲು ‘ವಸಂತಸೇನಾ’ ಮಾತು. ಶೂದ್ರಕನ ‘ಮೃಚ್ಛಕಟಿಕ’ ನಾಟಕ ನಿಮಗೆ ಗೊತ್ತಿರುತ್ತದೆ. ಹತ್ತು ಅಂಕದ ದೊಡ್ಡ ನಾಟಕ. ದಾನ ಮಾಡಿ ಮಾಡಿ ಬಡವನಾದ ಚಾರುದತ್ತ, ಅವನನ್ನು ಮನಸಾರೆ ಮೆಚ್ಚಿದ ಗಣಿಕೆ ವಸಂತಸೇನೆ, ರಾಜನ ನಂಟಸ್ತಿಕೆಯ ಮದದಲ್ಲಿ ಮೆರೆಯುವ ಶಕಾರ, ಗೋಡೆಗೆ ಕನ್ನ ಕೊರೆಯುವುದನ್ನೂ ಶಾಸ್ತ್ರದಂತೆ ಮಾಡುವ ಕಳ್ಳ ಶರ್ವಿಲಕ, ಸೋತು ಓಡಿಬರುವ ಜೂಜುಗಾರ. ಸಂಸ್ಕೃತ ನಾಟಕ ಎಂದರೆ ಅರಮನೆ, ಆಶ್ರಮ ಎಂದುಕೊಂಡವರಿಗೆ ಇದು ಬೀದಿಯನ್ನೇ ತಂದು ತೋರಿಸುತ್ತದೆ. ನನಗೆ ಇದು ಮೂಕಿ ಚಿತ್ರಕ್ಕೆಂದೇ ಬರೆದಿಟ್ಟ ಹಾಗಿದೆ ಅನ್ನಿಸುತ್ತದೆ. ನೋಡಿ, ಪಕ್ಕದ ಮನೆಯ ಮಗುವಿನ ಹಾಗೆ ತನಗೂ ಚಿನ್ನದ ಬಂಡಿ ಬೇಕೆಂದು ಚಾರುದತ್ತನ ಮಗ ಅಳುತ್ತಾನೆ. ಅವನ ಕೈಲಿರುವುದು ಮಣ್ಣಿನ ಬಂಡಿ. ವಸಂತಸೇನೆ ತನ್ನ ಮೈಮೇಲಿನ ಒಡವೆಗಳನ್ನು ಬಿಚ್ಚಿ ಆ ಮಣ್ಣಿನ ಬಂಡಿಗೆ ತುಂಬುತ್ತಾಳೆ. ಇದಕ್ಕೆ ಮಾತೇಕೆ ಬೇಕು? ಬಂಡಿ ಅದಲುಬದಲಾಗಿ ವಸಂತಸೇನೆ ಶಕಾರನ ಗಾಡಿ ಹತ್ತಿಬಿಡುವುದು, ಅವನು ಅವಳ ಕತ್ತು ಹಿಸುಕಿ ಎಲೆ ಮುಚ್ಚಿ ಹೋಗುವುದು, ಚಾರುದತ್ತನನ್ನು ವಧಾಸ್ಥಾನಕ್ಕೆ ನಡೆಸಿಕೊಂಡು ಹೋಗುವ ಮೆರವಣಿಗೆ, ಸತ್ತಳೆಂದುಕೊಂಡ ಅವಳು ಆ ಜನರ ನಡುವೆ ಓಡಿಬರುವುದು: ಎಲ್ಲವೂ ಕಣ್ಣಿಗೆ ಕಟ್ಟುವಂಥದ್ದು. ಮುಂದೆ 1984ರಲ್ಲಿ ಗಿರೀಶ ಕಾರ್ನಾಡರು ‘ಉತ್ಸವ್’ ಹಿಂದಿ ಚಿತ್ರಕ್ಕೆ ಇದೇ ನಾಟಕದ ಕಥೆ ಎತ್ತಿಕೊಂಡರು. ರೇಖಾ ಅದರಲ್ಲಿ ವಸಂತಸೇನೆ. ಅದನ್ನು ನಾವು ಬೇಕಾದಾಗ ನೋಡಬಹುದು. ಅದಕ್ಕಿಂತ ಅರ್ಧ ಶತಮಾನ ಹಿಂದಿನದನ್ನು ನೋಡುವಂತಿಲ್ಲ.

ಆ ಹಳೆಯ ಚಿತ್ರದ ನಿರ್ದೇಶಕರು ಮೋಹನ್ ಭವನಾನಿ. ಜರ್ಮನಿಯಲ್ಲಿ ಸಿನಿಮಾ ಕಸುಬು ಕಲಿತು ಬಂದವರು. ಸುಲೋಚನಾ ಎಂಬ ಹೆಸರಿನಲ್ಲಿ ದೇಶವೇ ಕೊಂಡಾಡಿದ ರೂಬಿ ಮೈಯರ್ಸ್ ಅವರನ್ನು 1925ರಲ್ಲಿ ತೆರೆಗೆ ತಂದವರೂ ಇವರೇ. ‘ವಸಂತಸೇನಾ’ದಲ್ಲಿ ನಾಯಕಿ ಏಣಾಕ್ಷಿ ರಾಮರಾವ್. ಜತೆಗೆ ಕಮಲಾದೇವಿ, ಕೈಲಾಸಂ, ನಳಿನಿ ತರ್ಖಡ್. ಇದು ತಯಾರಾದ ವರ್ಷ ಯಾವುದು ಅಂತ ಕೇಳಿದರೆ ಒಬ್ಬರು 1929 ಅನ್ನುತ್ತಾರೆ, ಇನ್ನೊಬ್ಬರು 1930, ಮತ್ತೊಬ್ಬರು 1931. ಚಿತ್ರವೇ ಕೈಬಿಟ್ಟು ಹೋದಮೇಲೆ ಅದರ ವರ್ಷವೂ ಹೀಗೆ ಜಾರುತ್ತದೆ.

ಆಗಿನ ಕಾಲದಲ್ಲಿ ಮರ್ಯಾದಸ್ಥರ ಮನೆಯ ಹೆಣ್ಣುಮಗಳು ಕ್ಯಾಮೆರಾ ಮುಂದೆ ನಿಲ್ಲುವುದು ಎಂದರೆ ಊರೇ ಬಾಯಿಗೆ ಕೈ ಇಟ್ಟುಕೊಳ್ಳುವ ಸಂಗತಿ. ಪರದೆಯ ಮೇಲೆ ‘ಸೀತಾದೇವಿ’ ಎಂದು ಹೆಸರಾದವರು ನಿಜದಲ್ಲಿ ರೆನೀ ಸ್ಮಿತ್ ಎಂಬ ಆಂಗ್ಲೋ ಇಂಡಿಯನ್ ಹುಡುಗಿ. ಸುಲೋಚನಾ ಯಹೂದಿ ಮನೆತನದವರು. ಅಂಥ ಹೊತ್ತಿನಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ, ಅದೂ 1926ರಲ್ಲಿ ಮದರಾಸು ಶಾಸನಸಭೆಯ ಚುನಾವಣೆಗೆ ನಿಂತು ಅತಿ ಕಡಿಮೆ ಮತಗಳಿಂದ ಸೋತ ದಿಟ್ಟ ಹೆಣ್ಣು, ಮೂಕಿ ಚಿತ್ರದಲ್ಲಿ ನಟಿಸಲು ಒಪ್ಪಿದರು. 1930ರಲ್ಲಿ ಇದೇ ಕಮಲಾದೇವಿ ಮುಂಬಯಿಯಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಇಳಿದು, ತಯಾರಿಸಿದ ಉಪ್ಪನ್ನು ಷೇರು ಪೇಟೆಯೊಳಗೇ ನುಗ್ಗಿ ಮಾರಿ, ಜೈಲಿಗೆ ಹೋದರು. ನಾಟಕ, ಸಿನಿಮಾ, ಸತ್ಯಾಗ್ರಹ ಇವೆಲ್ಲ ಅವರಿಗೆ ಒಂದೇ ಧೈರ್ಯದ ಕೆಲಸಗಳಾಗಿದ್ದವು ಎಂದು ನಾನು ನಂಬಿದ್ದೇನೆ. ಸ್ವಾತಂತ್ರ್ಯ ಬಂದಮೇಲೆ ನೇಕಾರರು, ಕುಂಬಾರರು, ಗೊಂಬೆ ಮಾಡುವವರ ಬೆನ್ನಿಗೆ ನಿಂತು ಈ ದೇಶದ ಕರಕುಶಲ ಕೆಲಸಕ್ಕೆ ಜೀವ ತುಂಬಿದವರು ಅವರು. ಎಷ್ಟೋ ಕಸುಬುಗಳನ್ನು ಕಾಲದ ಬಾಯಿಂದ ಬಿಡಿಸಿ ಉಳಿಸಿಕೊಟ್ಟ ಆ ತಾಯಿಯ ಮೊದಲ ಸಿನಿಮಾವನ್ನು ಉಳಿಸಿಡಲು ಯಾರೂ ಇರಲಿಲ್ಲ.

1930 ಅಂದ ಕೂಡಲೆ ಆಲೂರಿನ ಕಡೆ ಮನಸ್ಸು ಹೋಗುತ್ತದೆ. ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆ ಗೊತ್ತಲ್ಲ? ಅಲ್ಲಿನ ಕೆಂಚಮ್ಮ ಸುತ್ತಲ ಹಳ್ಳಿಗಳಿಗೆಲ್ಲ ಮನೆದೇವರು. ಹಾಸನದಲ್ಲಿ ಹುಟ್ಟಿದ ರಾಜಾರಾವ್ ತಮ್ಮ ‘ಕಾಂತಾಪುರ’ ಕಾದಂಬರಿಗೆ ಈ ಕೆಂಚಮ್ಮನನ್ನೂ ಹೇಮಾವತಿ ಹೊಳೆಯನ್ನೂ ಕರೆದುಕೊಂಡು ಹೋದರು. ಕಾಫಿ ಎಸ್ಟೇಟಿನ ಕೂಲಿಗಳು, ಹರಿಕಥೆ, ಗಾಂಧೀ ಹೆಸರು ಕೇಳಿ ಎದ್ದು ನಿಂತ ಹೆಂಗಸರು, ಇವೆಲ್ಲ ಅದರಲ್ಲಿ ಇವೆ. ಪುಸ್ತಕ ಅಚ್ಚಾದದ್ದು 1938ರಲ್ಲಿ, ದೂರದ ಲಂಡನ್ನಿನಲ್ಲಿ. ಆ ಕಾಲದ ನಮ್ಮ ಬೆಟ್ಟದ ಬದುಕು ಕಾಗದದ ಮೇಲೆ ಇಂಗ್ಲಿಷಿನಲ್ಲಿ ಉಳಿಯಿತು. ಕಾಗದಕ್ಕೆ ಇರುವ ಆಯಸ್ಸು ಫಿಲಂಗೆ ಇರಲಿಲ್ಲ. ಪುಸ್ತಕದ ಒಂದು ಪ್ರತಿ ಗೆದ್ದಲು ತಿಂದರೆ ಇನ್ನೊಂದು ಯಾವುದೋ ಲೈಬ್ರರಿಯಲ್ಲಿ ಇರುತ್ತದೆ. ಮೂಕಿ ಚಿತ್ರದ ಪ್ರತಿಗಳೋ ಬೆರಳೆಣಿಕೆಯಷ್ಟು.

ಕೈಲಾಸಂ ವಿಚಾರಕ್ಕೆ ಬರೋಣ. ನನ್ನ ಮನಸ್ಸು ಹೆಚ್ಚು ನೋಯುವುದು ಅಲ್ಲೇ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು, ಮೈಸೂರು ಸರ್ಕಾರದ ಕೆಲಸ ಬಿಟ್ಟು, ಕನ್ನಡ ನಾಟಕವನ್ನು ಪುರಾಣದ ಕಿರೀಟದಿಂದ ಇಳಿಸಿ ನಡುಮನೆಗೆ ತಂದವರು ಅವರು. ಆ ಮನುಷ್ಯನ ಶಕ್ತಿಯೆಲ್ಲ ಮಾತಿನಲ್ಲಿ. ಕನ್ನಡ ಇಂಗ್ಲಿಷು ಕಲಸಿ ಆಡುವ ಆ ಮಾತಿನ ಓಟಕ್ಕೆ ಜನ ರಾತ್ರಿಯಿಡೀ ಕೂತು ಕೇಳುತ್ತಿದ್ದರಂತೆ. ನಾಟಕಗಳನ್ನು ಬಾಯಲ್ಲಿ ಹೇಳುತ್ತ ಹೋದರು, ಗೆಳೆಯರು ಬರೆದುಕೊಂಡದ್ದು ನಮಗೆ ದಕ್ಕಿತು. ಅಂಥವರು ಮಾತೇ ಇಲ್ಲದ ಚಿತ್ರದಲ್ಲಿ ನಟಿಸಿದರು. ಮಾತು ತೆಗೆದಿಟ್ಟು ನಿಂತಾಗ ಅವರ ಕಣ್ಣು ಏನು ಮಾಡಿತು, ಹುಬ್ಬು ಏನು ಹೇಳಿತು, ಆ ಕೈ ಹೇಗೆ ಆಡಿತು? ಕನ್ನಡ ರಂಗಭೂಮಿಯ ಮಕ್ಕಳು ಇದನ್ನು ನೋಡಿ ಕಲಿಯಬೇಕಿತ್ತು. ಅವರ ಮಾತನ್ನು ಬರೆದುಕೊಳ್ಳಲು ಗೆಳೆಯರಿದ್ದರು, ಅವರ ನಡಿಗೆಯನ್ನು ಕ್ಯಾಮೆರಾ ಬರೆದುಕೊಂಡಿತ್ತು. ಮೊದಲನೆಯದು ನಮ್ಮ ಕೈಲಿದೆ, ಎರಡನೆಯದು ಹೋಯಿತು.

ಆಗ ಚಿತ್ರ ತೆಗೆಯುವುದು ಹೇಗಿತ್ತು ಅನ್ನುವುದನ್ನೂ ಹೇಳಿಬಿಡುತ್ತೇನೆ. ಹೆಚ್ಚಿನ ಕೆಲಸವೆಲ್ಲ ಹಗಲು ಬೆಳಕಿನಲ್ಲಿ. ಕ್ಯಾಮೆರಾದ ಹಿಡಿಯನ್ನು ಕೈಯಲ್ಲೇ ತಿರುಗಿಸಬೇಕು. ಸೆಕೆಂಡಿಗೆ ಸುಮಾರು 16 ಚಿತ್ರ, ಅಂದರೆ ಒಂದು ಅಡಿ ಫಿಲಂ. ಸಾವಿರ ಅಡಿಯ ಒಂದು ರೀಲು ಹದಿನಾರು ಹದಿನೇಳು ನಿಮಿಷ ಓಡುತ್ತದೆ. ಆ ಕಾಲದಲ್ಲಿ ಬಹಳ ದಿನ ಬಳಕೆಯಲ್ಲಿದ್ದ ಆರ್ಥೋಕ್ರೊಮ್ಯಾಟಿಕ್ ಫಿಲಂಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ, ಕುಂಕುಮ ಕಪ್ಪಾಗಿ ಮೂಡುತ್ತಿತ್ತು. ನೀಲಿ ಆಕಾಶ ಬೆಳ್ಳಗೆ ಬಿಟ್ಟುಕೊಳ್ಳುತ್ತಿತ್ತು. ಹಾಗಾಗಿ ಮುಖಕ್ಕೆ ಬಣ್ಣ ಹಚ್ಚುವವರು ಕಣ್ಣಿಗೆ ಕಂಡ ಬಣ್ಣ ನಂಬುವಂತಿರಲಿಲ್ಲ, ಫಿಲಂಗೆ ಹೇಗೆ ಕಾಣುತ್ತದೆಂದು ಲೆಕ್ಕ ಹಾಕಿ ಹಚ್ಚಬೇಕು. ಚಿತ್ರದ ನಡುನಡುವೆ ಬರಹ ಬರುತ್ತಿತ್ತು. ಓದಲು ಬಾರದವರಿಗೆ ಪಕ್ಕದವರು ಜೋರಾಗಿ ಓದಿ ಹೇಳಬೇಕು. ಪರದೆಯ ಪಕ್ಕದಲ್ಲಿ ಹಾರ್ಮೋನಿಯಂ, ತಬಲ. ಮೂಕಿ ಅಂದರೂ ಥಿಯೇಟರಿನಲ್ಲಿ ಗದ್ದಲಕ್ಕೇನೂ ಕಡಿಮೆ ಇರಲಿಲ್ಲ.

ಇಷ್ಟು ಹೇಳಿ ಗುಬ್ಬಿ ವೀರಣ್ಣನವರನ್ನು ಬಿಟ್ಟರೆ ತಪ್ಪಾಗುತ್ತದೆ. ಬೆಂಗಳೂರಿನಲ್ಲಿ ಹರಿಭಾಯಿ ದೇಸಾಯಿಯವರ ಸೂರ್ಯ ಫಿಲಂ ಕಂಪನಿ ಮೂಕಿ ಚಿತ್ರಗಳನ್ನು ಒಂದರ ಮೇಲೊಂದು ತಯಾರಿಸುತ್ತಿದ್ದ ಕಾಲ. ವೀರಣ್ಣನವರು ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಎಂದು ಕಟ್ಟಿದರು. ‘ಹಿಸ್ ಲವ್ ಅಫೇರ್’ ಚಿತ್ರಕ್ಕೆ ಬೆಲ್ಜಿಯಂನ ರಾಫೇಲ್ ಅಲ್ಗೋಯೆ ನಿರ್ದೇಶಕರು, ನಟಿಸಿದವರು ಸ್ವತಃ ವೀರಣ್ಣ ಮತ್ತು ಬಿ. ಜಯಮ್ಮ. 1932ರ ‘ಹರಿ ಮಾಯಾ’ಕ್ಕೆ ವೈ.ವಿ. ರಾವ್. ಈ ರಾಯರೇ 1934ರಲ್ಲಿ ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ ನಿರ್ದೇಶಿಸಿದರು. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ ನಟಿಸಿದ ಚಿತ್ರ. ಕೊಲ್ಲಾಪುರದಲ್ಲಿ ತೆಗೆದು, ಆ ವರ್ಷ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಗಿ, ವಾರಗಟ್ಟಲೆ ತುಂಬಿ ಓಡಿತು. ಅದೂ ಇವತ್ತು ಇಲ್ಲ. ಕನ್ನಡ ಸಿನಿಮಾದ ಮೊದಲ ಮಾತನ್ನೇ ನಾವು ಕಳೆದುಕೊಂಡು ಕೂತಿದ್ದೇವೆ ಅಂದಮೇಲೆ ಅದಕ್ಕೂ ಹಿಂದಿನ ಮೌನದ ಗತಿ ಕೇಳಬೇಕೆ?

ಈಗ ಘಟ್ಟ ಇಳಿಯೋಣ. ಬಿಸಿಲೆಯಲ್ಲಿ ನಿಂತರೆ ಎದುರಿಗೆ ಕುಮಾರಪರ್ವತ ಕಾಣುತ್ತದೆ. ಅದರ ಬುಡದ ಕಾಡು, ತೋಟ, ಒಂಟಿ ಮನೆಗಳು ಕಾರಂತರ ‘ಬೆಟ್ಟದ ಜೀವ’ದ ಸೀಮೆ. ಮುಂದೆ ಪುತ್ತೂರಿನ ಬಾಲವನದಲ್ಲಿ ನೆಲೆನಿಂತ ಕಾರಂತರು ಆಗಿನ್ನೂ ಮೂವತ್ತು ದಾಟದ ಹುರುಪಿನವರು. ಪತ್ರಿಕೆ, ನಾಟಕ, ಸಮಾಜ ಸುಧಾರಣೆ ಎಲ್ಲಕ್ಕೂ ಕೈ ಹಾಕಿದ್ದವರು ಕ್ಯಾಮೆರಾಕ್ಕೂ ಕೈ ಹಾಕಿದರು. ‘ಡೊಮಿಂಗೊ’ದ ವಸ್ತು ಅಸ್ಪೃಶ್ಯತೆಯ ಸಂಕಟ. ಮೂರು ವರ್ಷದ ಮೇಲೆ ‘ಚೋಮನ ದುಡಿ’ ಬಂತು. ಅದರಲ್ಲಿ ಚೋಮನ ಮಗ ಗುರುವ ಕ್ರಿಸ್ತನ ಮತಕ್ಕೆ ಸೇರಿಹೋಗುವ ಕಥೆ ಓದುವಾಗೆಲ್ಲ ನನಗೆ ಈ ಕಾಣದ ‘ಡೊಮಿಂಗೊ’ ನೆನಪಾಗುತ್ತದೆ. ಕಾದಂಬರಿಗೆ ಮೊದಲು ಇದೇ ನೋವಿಗೆ ಅವರು ಕ್ಯಾಮೆರಾ ಹಿಡಿದಿದ್ದರಲ್ಲ, ಆ ಚಿತ್ರದಲ್ಲಿ ಚೋಮನ ಬೇರು ಎಷ್ಟಿತ್ತು ಅಂತ ನೋಡುವ ಆಸೆ. 1975ರಲ್ಲಿ ಬಿ.ವಿ. ಕಾರಂತರು ‘ಚೋಮನ ದುಡಿ’ ಚಿತ್ರ ಮಾಡಿ ರಾಷ್ಟ್ರಪತಿಗಳ ಸ್ವರ್ಣಕಮಲ ತಂದರು. ವಾಸುದೇವರಾಯರ ಚೋಮ ನಮ್ಮ ಕಣ್ಣಲ್ಲಿ ಇನ್ನೂ ಇದ್ದಾನೆ. ಶಿವರಾಮ ಕಾರಂತರು ತಾವೇ ಮತ್ತೆ ನಿರ್ದೇಶನಕ್ಕೆ ಬಂದದ್ದು ಎಪ್ಪತ್ತೈದರ ವಯಸ್ಸು ದಾಟಿದ ಮೇಲೆ, ‘ಕುಡಿಯರ ಕೂಸು’ ಕಾದಂಬರಿಯನ್ನು ‘ಮಲೆಯ ಮಕ್ಕಳು’ ಎಂಬ ಚಿತ್ರ ಮಾಡಿದಾಗ. ನಡುವೆ ಹತ್ತಿರ ಹತ್ತಿರ ಅರ್ಧ ಶತಮಾನ. ಎರಡನೆಯದರಲ್ಲಿ ನಮ್ಮ ಇದೇ ಘಟ್ಟದ ಮಲೆಕುಡಿಯರ ಬದುಕಿತ್ತು.

ಅದೇ 1930ರಲ್ಲಿ ತಿರುವನಂತಪುರದಲ್ಲಿ ಇನ್ನೊಂದು ಮೂಕಿ ಚಿತ್ರ ಬಂತು: ಜೆ.ಸಿ. ಡೇನಿಯಲ್ ಅವರ ‘ವಿಗತಕುಮಾರನ್’. ಮಲಯಾಳದ ಮೊದಲ ಚಿತ್ರ. ನಾಯಕಿ ಪಿ.ಕೆ. ರೋಸಿ, ದಲಿತ ಹೆಣ್ಣುಮಗಳು. ಪರದೆಯ ಮೇಲೆ ಆಕೆ ನಾಯರ್ ಹೆಣ್ಣಾಗಿ ಕಂಡದ್ದೇ ಜನ ರೊಚ್ಚಿಗೆದ್ದು, ಆಕೆ ಊರು ಬಿಟ್ಟು ಓಡಬೇಕಾಯಿತು. ಚಿತ್ರದ ರೀಲನ್ನು ಡೇನಿಯಲ್ ಅವರ ಮಗನೇ, ಏನೂ ಅರಿಯದ ಮಗುವಾಗಿದ್ದಾಗ, ಉರಿಯುವ ಚೆಂದಕ್ಕೆ ಬೆಂಕಿಗೆ ಹಾಕಿದನಂತೆ. ಕಮಲಾದೇವಿಯವರ ದಿಟ್ಟತನ ಹೇಳುವಾಗ ರೋಸಿಯ ಪಾಡನ್ನೂ ನೆನೆಯಬೇಕು. ಒಬ್ಬರಿಗೆ ಸಿಕ್ಕ ನೆಲೆ ಇನ್ನೊಬ್ಬರಿಗೆ ಸಿಗಲಿಲ್ಲ. ‘ಡೊಮಿಂಗೊ’ ಉಳಿದಿದ್ದರೆ, ಆ ವರ್ಷ ಒಂದು ಕಡೆ ಜಾತಿಯ ಕ್ರೌರ್ಯ ಪರದೆಯ ಮುಂದೆ ನಡೆದಾಗ ಇನ್ನೊಂದು ಕಡೆ ಅದನ್ನೇ ಪರದೆಯ ಮೇಲೆ ತೋರಿಸಲು ಒಬ್ಬರು ಹೊರಟಿದ್ದರು ಅನ್ನುವುದಕ್ಕೆ ಸಾಕ್ಷಿ ಇರುತ್ತಿತ್ತು.

ಹಾಗಾದರೆ ಇವೆಲ್ಲ ಹೋದದ್ದೆಲ್ಲಿಗೆ? ಒಂದು ಕಾರಣ ಫಿಲಂನಲ್ಲೇ ಇತ್ತು. ಆಗಿನದು ನೈಟ್ರೇಟ್ ಫಿಲಂ. ಸಿಡಿಮದ್ದಿನ ಹತ್ತಿಯ ನಂಟ. ಕಿಡಿ ತಾಗಿದರೆ ಸಾಕು, ತನಗೆ ಬೇಕಾದ ಆಮ್ಲಜನಕ ತಾನೇ ಬಿಡುತ್ತ ಉರಿಯುತ್ತದೆ, ನೀರಿಗೆ ಮುಳುಗಿಸಿದರೂ ಆರುವುದಿಲ್ಲ. ಬೆಂಕಿ ತಾಗದಿದ್ದರೂ ನೆಮ್ಮದಿಯಿಲ್ಲ. ಬಿಸಿಲು, ತೇವ ಸೋಕುತ್ತಿದ್ದರೆ ಚಿತ್ರ ಮಾಸಿ, ಕಂದಿ, ಆಮೇಲೆ ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟ ಬೆಲ್ಲದಂತೆ ಅಂಟಂಟಾಗಿ, ಕಡೆಗೆ ಕಂದುಪುಡಿಯಾಗುತ್ತದೆ. ಕೊಡ್ಯಾಕ್ ಇದನ್ನು ತಯಾರಿಸುವುದು ನಿಲ್ಲಿಸಿದ್ದು 1950ರ ದಶಕದ ಮೊದಲಿಗೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಗೂ ಬೂಷ್ಟು ಹಿಡಿಯುವ ನಮ್ಮ ಸೀಮೆಯಲ್ಲಿ ಇಂಥ ಫಿಲಂ ಹೇಗೆ ತಾಳೀತು? ನಮ್ಮವರು ಜೋಪಾನ ಮಾಡಬೇಕಾದ್ದನ್ನೆಲ್ಲ ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತಾರೆ. ಬಿತ್ತನೆ ಬೀಜಕ್ಕೆ, ಕಂಬಳಿಗೆ, ಏಲಕ್ಕಿಗೆ ಆ ಹೊಗೆ, ಆ ಬಿಸಿ ಒಳ್ಳೆಯದು. ಫಿಲಂಗೆ ಅದೇ ಯಮ.

ಇನ್ನೊಂದು ಕಾರಣ ಮನುಷ್ಯರದು. ಫಿಲಂನ ಚಿತ್ರ ಮೂಡುವುದು ಬೆಳ್ಳಿಯಿಂದ. 1931ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ‘ಆಲಂ ಆರಾ’ ಮಾತಾಡಿತು. ಅಲ್ಲಿಗೆ ಮೂಕಿಯ ಬೆಲೆ ಬಿದ್ದುಹೋಯಿತು. ಥಿಯೇಟರಿನವರಿಗೆ ಬೇಡ, ಹಂಚುವವರಿಗೆ ಬೇಡ. ಡಬ್ಬಿಯಲ್ಲಿ ಉಳಿದ ಬೆಲೆ ಎಂದರೆ ಆ ಚೂರು ಬೆಳ್ಳಿ. ಫಿಲಂ ತೊಳೆದು ಬೆಳ್ಳಿ ತೆಗೆದು ಮಾರಿದರು. ‘ಆಲಂ ಆರಾ’ದ ಉಳಿದಿದ್ದ ರೀಲುಗಳಿಗೂ ಕಡೆಗೆ ಅದೇ ಗತಿ ಆಯಿತೆಂದು ಪಿ.ಕೆ. ನಾಯರ್ ಹೇಳುತ್ತಿದ್ದರು. ಈ ನಾಯರ್ ಯಾರು ಅಂದರೆ, 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದಮೇಲೆ ಊರೂರು ಅಲೆದು ಡಬ್ಬಿ ಹುಡುಕಿ ತಂದ ಮಹಾನುಭಾವರು. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’, ‘ಕಾಳಿಯ ಮರ್ದನ’ ಇವತ್ತು ಇದ್ದಷ್ಟಾದರೂ ಇದ್ದರೆ ಅದು ಅವರ ಋಣ. ಅಂಥವರು ಹೊರಡುವ ಹೊತ್ತಿಗೇ ಮೂಕಿಯ ಕಾಲ ಮುಗಿದು ಮೂವತ್ತು ವರ್ಷ ಕಳೆದಿತ್ತು. ಭಾರತದಲ್ಲಿ 1300ಕ್ಕೂ ಹೆಚ್ಚು ಮೂಕಿ ಚಿತ್ರ ತಯಾರಾದವು. ಇಡಿಯಾಗಿಯೋ ತುಂಡಾಗಿಯೋ ಉಳಿದದ್ದು ಮೂವತ್ತರ ಆಸುಪಾಸು. ಅಮೆರಿಕದಂಥ ದೇಶದಲ್ಲೂ ಮೂಕಿ ಕಥಾಚಿತ್ರಗಳಲ್ಲಿ ನೂರಕ್ಕೆ ಎಪ್ಪತ್ತು ಕಾಣೆಯಾಗಿವೆ.

ಆದರೆ ಉಳಿದವು ಹೇಗೆ ಉಳಿದವು ಅಂತ ನೋಡಿದರೆ ಒಂದು ವಿಚಿತ್ರ ಗೊತ್ತಾಗುತ್ತದೆ. ಏಣಾಕ್ಷಿಯವರನ್ನೇ ತಗೊಳ್ಳಿ. ‘ವಸಂತಸೇನಾ’ಕ್ಕೆ ಮೊದಲು, 1928ರಲ್ಲಿ, ಆಕೆ ಹಿಮಾಂಶು ರಾಯ್ ಅವರ ‘ಶಿರಾಜ್’ ಚಿತ್ರದಲ್ಲಿ ಮುಮ್ತಾಜ್ ಮಹಲ್ ಆಗಿದ್ದರು. ಜರ್ಮನಿಯ ಫ್ರಾಂಜ್ ಓಸ್ಟೆನ್ ನಿರ್ದೇಶಿಸಿದ, ಬ್ರಿಟನ್ನಿನವರೂ ಕೈಗೂಡಿಸಿದ ಚಿತ್ರ. ಅದರ ಪ್ರತಿ ಲಂಡನ್ನಿನ ಸಂಗ್ರಹದಲ್ಲಿ ಉಳಿಯಿತು. 2017ರಲ್ಲಿ ಬ್ರಿಟಿಷ್ ಫಿಲಂ ಇನ್‌ಸ್ಟಿಟ್ಯೂಟ್ ಅದನ್ನು ತೊಳೆದು ತಿದ್ದಿ, ಅನುಷ್ಕಾ ಶಂಕರ್ ಅವರಿಂದ ಹೊಸ ಸಂಗೀತ ಕೂಡಿಸಿ ಬಿಡುಗಡೆ ಮಾಡಿತು. ಏಣಾಕ್ಷಿಯವರ ಆ ಮುಖ, ಆ ನಡೆ ಇವತ್ತೂ ಹೊಳೆಯುತ್ತಿದೆ. ಒಬ್ಬಳೇ ನಟಿ, ಎರಡು ಚಿತ್ರ. ಪರದೇಶಕ್ಕೆ ಹೋದದ್ದು ಉಳಿಯಿತು, ಮನೆಯಲ್ಲಿದ್ದದ್ದು ಹೋಯಿತು. ಭವನಾನಿಯವರನ್ನು ಮದುವೆಯಾಗಿ, ಮುಂದೆ ಭಾರತದ ನೃತ್ಯ, ಕುಸುರಿ ಕೆಲಸಗಳ ಮೇಲೆ ಒಳ್ಳೆಯ ಪುಸ್ತಕಗಳನ್ನು ಬರೆದರು ಈಕೆ.

ತಿರುವಾಂಕೂರಿನ ‘ಮಾರ್ತಾಂಡ ವರ್ಮ’ದ ಕಥೆ ಇನ್ನೂ ಸೊಗಸು. 1933ರ ಮೂಕಿ ಚಿತ್ರ. ಸಿ.ವಿ. ರಾಮನ್ ಪಿಳ್ಳೆಯವರ ಕಾದಂ‌ಬರಿ ಆಧರಿಸಿದ್ದು. ಕಾದಂಬರಿಯ ಹಕ್ಕು ತಮ್ಮದೆಂದು ಪ್ರಕಾಶಕರಾದ ಕಮಲಾಲಯ ಬುಕ್ ಡಿಪೋದವರು ಕೋರ್ಟಿಗೆ ಹೋದರು. ಪ್ರದರ್ಶನ ನಿಂತಿತು. ರೀಲುಗಳು ಪುಸ್ತಕದಂಗಡಿಯವರ ವಶಕ್ಕೆ ಹೋಗಿ, ಪುಸ್ತಕಗಳ ನಡುವೆ ದಶಕಗಟ್ಟಲೆ ಕೂತವು. 1974ರಲ್ಲಿ ಅಲ್ಲಿಂದ ಪುಣೆಗೆ ಬಂದವು. ಊರೂರು ಓಡಿದ್ದರೆ ಹಲ್ಲು ಹರಿದು, ತುಂಡಾಗಿ, ಬೆಳ್ಳಿಗೆ ಹೋಗುತ್ತಿದ್ದ ಚಿತ್ರವನ್ನು ಒಂದು ವ್ಯಾಜ್ಯ ಕಾಪಾಡಿತು.

ಮೂರನೆಯದು ಕೆನಡಾದ ಡಾಸನ್ ಸಿಟಿಯದು. ಉತ್ತರದ ಹಿಮಸೀಮೆಯ ಚಿನ್ನದ ಗಣಿಯ ಊರು. ಸಿನಿಮಾ ಪ್ರತಿಗಳು ಊರಿಂದ ಊರಿಗೆ ಓಡಿ ಕೊನೆಗೆ ಬರುತ್ತಿದ್ದದ್ದು ಅಲ್ಲಿಗೆ. ಹಿಂದಕ್ಕೆ ಕಳಿಸುವ ಸಾಗಣೆ ಖರ್ಚು ಕೊಡಲು ಕಂಪನಿಗಳಿಗೆ ಇಷ್ಟವಿಲ್ಲ. ಡಬ್ಬಿಗಳು ಅಲ್ಲೇ ರಾಶಿಬಿದ್ದವು. 1929ರಲ್ಲಿ ಒಂದು ಹಳೆಯ ಈಜುಕೊಳ ಮುಚ್ಚುವಾಗ ಅವುಗಳನ್ನೂ ಸುರಿದು ಮಣ್ಣು ಮುಚ್ಚಿದರು. 1978ರಲ್ಲಿ ಯಂತ್ರ ನೆಲ ಅಗೆದಾಗ ಹೆಪ್ಪುಗಟ್ಟಿದ ಮಣ್ಣಿನಿಂದ ಐನೂರಕ್ಕೂ ಹೆಚ್ಚು ರೀಲು ಮೇಲೆ ಬಂದವು. ಬೇರೆಲ್ಲೂ ಇಲ್ಲದ ಎಷ್ಟೋ ಚಿತ್ರಗಳು ಅವುಗಳಲ್ಲಿದ್ದವು.

ನನ್ನ ತಲೆಯಲ್ಲಿ ಬಿಡದೆ ಸುತ್ತುವುದು ಈ ಮೂರನೆಯ ಕಥೆ. ಜನ ಪ್ರೀತಿಯಿಂದ ನೋಡಿದ ಪ್ರತಿ ಸವೆದುಹೋಯಿತು. ದಾರಿ ಮುಗಿದ ಕಡೆ ಬಿದ್ದುಕೊಂಡದ್ದು ಉಳಿಯಿತು. ಹಾಗಾದರೆ ನಮ್ಮ ಕಡೆ ದಾರಿ ಮುಗಿಯುತ್ತಿದ್ದದ್ದೆಲ್ಲಿ? ಮೈಸೂರು ಸೀಮೆಯ ಪಡುವಣ ದಾರಿ ಮುಗಿಯುತ್ತಿದ್ದದ್ದು ಇದೇ ಬೆಟ್ಟದ ಅಂಚಿನಲ್ಲಿ. ಹಾಸನದಿಂದ ಮಂಗಳೂರಿಗೆ ರೈಲು ಬಂದದ್ದು 1979ರಲ್ಲಿ. ಅಲ್ಲಿಯವರೆಗೆ ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದರೆ ಊರು ಊರಾಗಿಯೇ ಉಳಿಯುತ್ತಿತ್ತು. ನಮ್ಮ ದೊಡ್ಡಪ್ಪ ಟೆಂಟ್ ಸಿನಿಮಾದ ಕಾಲ ಹೇಳುತ್ತಿದ್ದರು. ಭತ್ತ ಕೊಯ್ದ ಗದ್ದೆಬಯಲಲ್ಲಿ ಟೆಂಟ್ ಎದ್ದು, ಮುಂಗಾರಿನ ಮೊದಲ ಮಳೆ ಬೀಳುವುದರೊಳಗೆ ಕಿತ್ತುಕೊಂಡು ಹೋಗಬೇಕು. ತೋಟದ ಲೈನಿನ ಜನ ಕಂಬಳಿ ಹೊದ್ದು, ಸೂಡಿ ಹಚ್ಚಿಕೊಂಡು ಬರುತ್ತಿದ್ದರಂತೆ. ಅಷ್ಟು ಹೊತ್ತಿಗೆ ಊರೂರು ಸುತ್ತಿ ಬಂದ ಪ್ರತಿ ಹತ್ತು ಕಡೆ ಹರಿದಿರುತ್ತಿತ್ತು. ಆಪರೇಟರು ಹರಿದ ಕಡೆ ಕತ್ತರಿಸಿ ಅಂಟಿಸುತ್ತಿದ್ದ. ಕತ್ತರಿಸಿದ ತುಂಡು ಹುಡುಗರ ಪಾಲು. ಕೆಟ್ಟ ಬಲ್ಬಿಗೆ ನೀರು ತುಂಬಿ ಮಸೂರ ಮಾಡಿ, ಕನ್ನಡಿಯಿಂದ ಬಿಸಿಲು ಹಾಯಿಸಿ, ಪಂಚೆಯ ಮೇಲೆ ಆ ತುಂಡಿನ ಚಿತ್ರ ಬಿಟ್ಟು ನೋಡದ ಹುಡುಗರು ಕರ್ನಾಟಕದ ಯಾವ ಹಳ್ಳಿಯಲ್ಲಿದ್ದರು? ಅದು ಟಾಕಿಯ ಕಾಲದ ಮಾತು, ನಿಜ. ಮೂಕಿಯ ಪ್ರತಿಗಳಿಗೂ ಅಲೆಮಾರಿ ಪ್ರದರ್ಶನವೇ ಕಡೆಯ ಬಾಳು.

ಹಾಗಾಗಿ ಒಂದು ಕೇಳಿಕೆ. ಸಕಲೇಶಪುರ, ಆಲೂರು, ಬೇಲೂರು ಕಡೆಯ ಹಳೆಯ ಬಂಗಲೆಗಳು, ತೋಟದ ಮನೆಗಳು ಈಗ ಹೋಂಸ್ಟೇ ಆಗುತ್ತಿವೆ. ಅಟ್ಟ ಗುಡಿಸುತ್ತೀರಿ, ಹಳೆಯ ಪೆಟ್ಟಿಗೆ ಗುಜರಿಗೆ ಹಾಕುತ್ತೀರಿ. ಹಾಕುವ ಮೊದಲು ಒಂದು ಸಲ ಕೈಯಾಡಿಸಿ. ತಗಡಿನ ದುಂಡನೆಯ ಡಬ್ಬಿ ಸಿಕ್ಕರೆ ದೀಪ, ಬೀಡಿ, ಒಲೆಯ ಹತ್ತಿರ ತೆರೆಯಬೇಡಿ. ನೀರಿನಲ್ಲಿ ತೊಳೆಯಬೇಡಿ, ಸುತ್ತು ಬಿಚ್ಚಲು ಎಳೆಯಬೇಡಿ. ಹುಳಿಯಾದ ಕಟು ವಾಸನೆ ಬಂದರೆ ಮನೆಯ ಹೊರಗೆ ನೆರಳಿನ ಒಣ ಜಾಗದಲ್ಲಿಟ್ಟು ಪುಣೆಯ ಚಲನಚಿತ್ರ ಸಂಗ್ರಹಾಲಯಕ್ಕೆ ತಿಳಿಸಿ, ಅವರಿಗೆ ಇಂಥದ್ದನ್ನು ಸಾಗಿಸುವ ಕ್ರಮ ಗೊತ್ತು. ಫಿಲಂ ಇಲ್ಲದಿದ್ದರೂ ಬೇಸರ ಬೇಡ. ಹಳೆಯ ಸಿನಿಮಾ ಹ್ಯಾಂಡ್‌ಬಿಲ್, ಟಿಕೇಟಿನ ಚೂರು, ಗುಬ್ಬಿ ಕಂಪನಿಯ ನಾಟಕದ ಪದಗಳ ಪುಸ್ತಕ, ವೇಷ ಹಾಕಿದ ಯಾರದೋ ಹೆಸರಿಲ್ಲದ ಫೋಟೋ, ಅಜ್ಜನ ಡೈರಿಯಲ್ಲಿ ಹಾಸನಕ್ಕೆ ಹೋಗಿ ಬಯಸ್ಕೋಪ್ ನೋಡಿ ಬಂದೆ ಎಂಬ ಒಂದು ಸಾಲು, ಇವೂ ಬೇಕು. ವರ್ಷವೇ ಗಟ್ಟಿಯಾಗಿ ನಿಲ್ಲದ ‘ವಸಂತಸೇನಾ’ದಂಥ ಚಿತ್ರಕ್ಕೆ ತಾರೀಖಿರುವ ಒಂದು ಹ್ಯಾಂಡ್‌ಬಿಲ್ ಸಿಕ್ಕರೂ ದೊಡ್ಡದು. ಸಿಕ್ಕಿದ್ದರ ಫೋಟೋ ತೆಗೆದು ಹಾಸನದ ಯಾವುದಾದರೂ ಕಾಲೇಜಿನ ಕನ್ನಡ ಮೇಷ್ಟ್ರಿಗೋ ಲೈಬ್ರರಿಗೋ ತೋರಿಸಿ. ಈ ಮಳೆಗಾಲ ಮುಗಿಯುವ ತನಕ ಕಾಯಬೇಡಿ. ನಮ್ಮ ಸೀಮೆಯಲ್ಲಿ ಒಂದು ಮಳೆಗಾಲ ಕಾಗದಕ್ಕೂ ಹೆಚ್ಚು, ಫಿಲಂಗಂತೂ ಬಹಳ ಹೆಚ್ಚು.